ಎರಡು ಫ್ಲೋರಿನ್‌ಗಳ ನಡುವಿನ ಹೈಡ್ರೋಜನ್: ಪುಣೆಯ ಮಳೆಗಾಲದಲ್ಲಿ ಕಲಿತದ್ದು

ನನಗೆ ಬೇಕಿದ್ದದ್ದು 1-ಬ್ರೋಮೋ-2,4-ಡೈಫ್ಲೋರೋಬೆಂಜೀನ್‌ನಲ್ಲಿ ಎರಡು ಫ್ಲೋರಿನ್‌ಗಳ ನಡುವೆ ಕೂತಿರುವ ಹೈಡ್ರೋಜನ್ ತೆಗೆದು, ಆ ಜಾಗದಲ್ಲಿ ಆಲ್ಡಿಹೈಡ್ (CHO ಗುಂಪು) ಕೂರಿಸುವುದು. ಅಕ್ಕಪಕ್ಕದ ಫ್ಲೋರಿನ್‌ಗಳು ಎಲೆಕ್ಟ್ರಾನ್‌ಗಳನ್ನು ಎಳೆಯುವುದರಿಂದ ಆ ಹೈಡ್ರೋಜನ್ ಬೇಗ ಕಳಚಿಕೊಳ್ಳುತ್ತದೆ. ಕಷ್ಟ ಶುರುವಾಗುವುದು ಆಮೇಲೆ.

ಮೊದಲು ಎಲ್ಲರಂತೆ ಎಲ್‌ಡಿಎ (ಹೈಡ್ರೋಜನ್ ಕಿತ್ತು ಆ ಜಾಗದಲ್ಲಿ ಲಿಥಿಯಂ ಕೂರಿಸುವ ಪ್ರಬಲ ಬೇಸ್) ಬಳಸಿ, ಮೈನಸ್ 78 ಡಿಗ್ರಿಯಲ್ಲಿ ಮಾಡಿದೆ. ಜುಲೈ ತಿಂಗಳು, ಪುಣೆಯಲ್ಲಿ ಬಿಡದ ಮಳೆ. ಡ್ರೈ ಐಸ್ ಬರುವುದು ತಡವಾಯಿತು, ಫ್ಲಾಸ್ಕ್ ತಣ್ಣಗಿಡುವ ಅಸಿಟೋನ್ ಬಾತ್ ನಿಧಾನವಾಗಿ ಬಿಸಿಯಾಗುತ್ತಾ ಹೋಯಿತು. ತೆಳು ಹಳದಿ ಇದ್ದ ದ್ರಾವಣ ನೋಡನೋಡುತ್ತಲೇ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಲಿಥಿಯಂ ಪಕ್ಕದ ಫ್ಲೋರಿನ್ ಹಿಡಿದುಕೊಂಡು ಲಿಥಿಯಂ ಫ್ಲೋರೈಡ್ ಆಗಿ ಹೊರಬೀಳುತ್ತದೆ, ಉಳಿಯುವುದು ಬೆಂಜೈನ್ ಅನ್ನುವ ಅತಿ ಚುರುಕಿನ ಅಣು. ಅದು ಸಿಕ್ಕಿದ್ದಕ್ಕೆಲ್ಲ ಅಂಟಿ ಟಾರ್ ಆಗುತ್ತದೆ. ಇದು ಶಾಖ ಬಿಡುವ ಕ್ರಿಯೆ, ದೊಡ್ಡ ಪ್ರಮಾಣದಲ್ಲಿ ನಿಜಕ್ಕೂ ಅಪಾಯ. ಅವತ್ತು ಫ್ಲಾಸ್ಕಿನಲ್ಲಿದ್ದದ್ದು 2 ಗ್ರಾಂ ಮಾತ್ರ.

ಲ್ಯಾಬಿನಲ್ಲಿ ಬೆಳಗಾವಿಯ ಹಿರಿಯರೊಬ್ಬರಿದ್ದರು. ಫ್ಲಾಸ್ಕ್ ನೋಡಿ, "ತಮ್ಮಾ, ಚಳಿ ಕೂಡ ಜಗಳಾ ಬ್ಯಾಡೋ, ಬೇಸ್ ಬದಲ್ ಮಾಡು" ಅಂದರು. "ಆತ್ರಿ ಅಣ್ಣಾ" ಅಂದೆ.

ಅವರು ಹೇಳಿದ್ದು ಮೆಗ್ನೀಸಿಯಂ, ಲಿಥಿಯಂ ಎರಡೂ ಇರುವ ಬೇಸ್: ಟಿಎಮ್‌ಪಿ (ದಪ್ಪ ಗಾತ್ರದ ಒಂದು ಅಮೀನ್) ಮೆಗ್ನೀಸಿಯಂ ಕ್ಲೋರೈಡ್ ಜೊತೆ ಲಿಥಿಯಂ ಕ್ಲೋರೈಡ್. ಮ್ಯೂನಿಕ್‌ನ ಪಾಲ್ ಕ್ನೋಖೆಲ್ ಅವರ ಗುಂಪು 2006ರಲ್ಲಿ ಇದನ್ನು ಪ್ರಕಟಿಸಿತು. ಲಿಥಿಯಂ ಕ್ಲೋರೈಡ್ ಇಲ್ಲದಿದ್ದರೆ ಮೆಗ್ನೀಸಿಯಂ ಅಮೈಡ್‌ನ, ಅಂದರೆ ಆ ಬೇಸ್‌ನ, ಅಣುಗಳು ಒಂದಕ್ಕೊಂದು ಅಂಟಿಕೊಂಡು ಸೋಮಾರಿಯಾಗಿ ಕೂರುತ್ತವೆ. ಈ ಉಪ್ಪು ಆ ಗುಂಪನ್ನು ಬಿಡಿಸುತ್ತದೆ, ಟಿಎಚ್‌ಎಫ್ ಅನ್ನುವ ದ್ರಾವಕದಲ್ಲಿ ಚೆನ್ನಾಗಿ ಕರಗಿಸುತ್ತದೆ. ಇನ್ನು ಕಾರ್ಬನ್-ಮೆಗ್ನೀಸಿಯಂ ಬಂಧ ಲಿಥಿಯಂನದಕ್ಕಿಂತ ನಿಧಾನಿ. ಪಕ್ಕದ ಫ್ಲೋರಿನ್ ಮೇಲೆ ಅಷ್ಟು ಬೇಗ ಕೈ ಹಾಕುವುದಿಲ್ಲ. ನನಗೆ ಬೇಕಿದ್ದದ್ದೂ ಇದೇ ಅಲ್ವಾ?

ಆದರೆ ಬಾಟಲಿಯ ಮೇಲಿನ 1.0 ಮೋಲಾರ್ ಅನ್ನುವ ಲೇಬಲ್ ನಂಬಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಪ್ರತಿಸಲ ಟೈಟ್ರೇಟ್ ಮಾಡಿ, ಅಂದರೆ ಗೊತ್ತಿರುವಷ್ಟು ಆಸಿಡ್‌ಗೆ ಎಷ್ಟು ಬೇಸ್ ಹಿಡಿಯುತ್ತದೆ ಎಂದು ಅಳೆದು ನಿಜವಾದ ಸಾಂದ್ರತೆ ತಿಳಿದುಕೊಳ್ಳಿ. ನಾನು 122 ಮಿಲಿಗ್ರಾಂ ಬೆಂಜೋಯಿಕ್ ಆಸಿಡ್, ಅಂದರೆ 1 ಮಿಲಿಮೋಲ್, ಒಣ ಟಿಎಚ್‌ಎಫ್‌ನಲ್ಲಿ ಕರಗಿಸಿ 0 ಡಿಗ್ರಿಗೆ ತರುತ್ತೇನೆ. ಸೂಚಕವಾಗಿ ಚಿಟಿಕೆಯಷ್ಟು 4-ಫೀನೈಲಜೋ ಡೈಫೀನೈಲ್ ಅಮೀನ್. ಸಿರಿಂಜಿನಿಂದ ಹನಿಹನಿಯಾಗಿ ಬೇಸ್ ಬಿಟ್ಟಂತೆ ಬಿದ್ದ ಜಾಗದಲ್ಲಿ ಬಣ್ಣ ಕಡುವಾಗಿ ಮತ್ತೆ ಮಾಯವಾಗುತ್ತದೆ. ಕೊನೆಗೆ ಒಂದು ಹನಿಗೆ ಬಣ್ಣ ತಿರುಗಿ ಹಾಗೇ ನಿಲ್ಲುತ್ತದೆ. ನನಗೆ 1.25 ಮಿಲಿಲೀಟರ್ ಹಿಡಿಯಿತು. ಅಂದರೆ ಬೇಸ್ ಬರೀ 0.8 ಮೋಲಾರ್! ನನ್ನ 10 ಮಿಲಿಮೋಲ್ ಸಾಮಗ್ರಿಗೆ ಬೇಸ್ ತುಸು ಹೆಚ್ಚು, 11 ಮಿಲಿಮೋಲ್, ಬೇಕಿತ್ತು. ಲೇಬಲ್ ನೋಡಿ 11 ಮಿಲಿಲೀಟರ್ ಹಾಕಿದ್ದರೆ ಸ್ವಲ್ಪ ಸಾಮಗ್ರಿ ಹಾಗೇ ಉಳಿಯುತ್ತಿತ್ತು. ಹಾಗಾಗಿ 13.75 ಮಿಲಿಲೀಟರ್ ಹಾಕಿದೆ.

ಮೈನಸ್ 20ರಲ್ಲಿ ನಿಧಾನಕ್ಕೆ ಸೇರಿಸಿದೆ. ಆಗಾಗ ಒಂದೆರಡು ಹನಿ ತೆಗೆದು ಅಯೋಡಿನ್ ದ್ರಾವಣಕ್ಕೆ ಹಾಕಿ ಜಿಸಿಗೆ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಪೀಕ್‌ಗಳಾಗಿ ತೋರಿಸುವ ಯಂತ್ರ) ಕೊಟ್ಟೆ. ಮೆಗ್ನೀಸಿಯಂ ಕೂತ ಜಾಗಕ್ಕೆ ಅಯೋಡಿನ್ ಬಂದು ಅಯೋಡೈಡ್ ಆಗುತ್ತದೆ. ಆರಂಭದ ಪೀಕ್ ಇಳಿದು, ಅಯೋಡೈಡ್‌ನ ಪೀಕ್ ಏರುತ್ತದೆ. ಗಡಿಯಾರಕ್ಕಿಂತ ನನಗೆ ಇದರ ಮೇಲೆಯೇ ಜಾಸ್ತಿ ನಂಬಿಕೆ. ದ್ರಾವಣ ತೆಳು ಕಂದು ಆಯಿತು, ಅದಕ್ಕಿಂತ ಕಪ್ಪಾಗಲಿಲ್ಲ. ಆರಂಭದ ಪೀಕ್ ಹೋದ ಮೇಲೆ ಆಲ್ಡಿಹೈಡ್ ಗುಂಪು ಕೊಡುವ ಒಣ ಡಿಎಮ್‌ಎಫ್ ಹಾಕಿ, ನೀರು ಬೆರೆಸಿದ ತಣ್ಣಗಿನ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಸುರಿದೆ. ಬೇಸ್‌ನಿಂದ ಬಿಡುಗಡೆಯಾದ ಟಿಎಮ್‌ಪಿ ಅಮೀನ್ ಆಸಿಡ್ ಪದರಕ್ಕೆ ಹೋಗಿಬಿಡುತ್ತದೆ, ತೊಳೆಯುವ ಕೆಲಸ ಹಗುರ.

ಫ್ಲೋರಿನ್ ಎನ್‌ಎಮ್‌ಆರ್ (ಅಣುವಿನಲ್ಲಿ ಫ್ಲೋರಿನ್‌ಗಳು ಎಲ್ಲಿವೆ ಎಂದು ತೋರಿಸುವ ಪರೀಕ್ಷೆ) ತೆಗೆಸಿದಾಗ ಎರಡು ಫ್ಲೋರಿನ್‌ಗಳೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಆ ಹಾಳೆಯನ್ನು ನೋಟ್‌ಬುಕ್‌ನಲ್ಲಿ ಅಂಟಿಸಿ, ಪಕ್ಕದಲ್ಲಿ ಟೈಟ್ರೇಶನ್ನಿನ 1.25 ಅನ್ನೂ ಬರೆದಿಟ್ಟೆ.