ಬಿಒಡಿ ಬಾಟಲಿಯಿಂದ ಏರೇಷನ್ ಟ್ಯಾಂಕಿನವರೆಗೆ: ಪರಿಸರ ಎಂಜಿನಿಯರಿಂಗ್ ಕಲಿತ ನನ್ನ ಅನುಭವ

ಪರಿಸರ ಎಂಜಿನಿಯರಿಂಗ್‌ಗೆ ಸೇರಿದವರು ಮೊದಲು ಏನನ್ನು ಗಟ್ಟಿ ಮಾಡಿಕೊಳ್ಳಬೇಕು ಎಂದು ಕೇಳಿದರೆ ನನ್ನ ಉತ್ತರ: ಬಿಒಡಿ (ಬಯೋಕೆಮಿಕಲ್ ಆಕ್ಸಿಜನ್ ಡಿಮಾಂಡ್) ಪರೀಕ್ಷೆ. ಕೊಳಚೆ ನೀರಿನ ಸಾವಯವ ವಸ್ತುವನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಅಳೆಯುವ ಪರೀಕ್ಷೆ ಇದು. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ವಿನ್ಯಾಸ, ಕೆರೆಗಳ ಅಧ್ಯಯನ ಎಲ್ಲವೂ ಆ 300 ಮಿ.ಲೀ. ಬಾಟಲಿಯಲ್ಲೇ ಬಂದು ಸೇರುತ್ತವೆ. ಆದರೆ ಪುಸ್ತಕದಲ್ಲಿ ಇರುವುದನ್ನು ಇದ್ದಂತೆಯೇ ಮಾಡಿದರೆ ಬೆಂಗಳೂರಿನಲ್ಲಿ ಲೆಕ್ಕ ತಪ್ಪುತ್ತದೆ.

ಕಾರಣ, ನಮ್ಮ ಊರಿನ ಎತ್ತರ. ಪುಸ್ತಕಗಳ ಕೋಷ್ಟಕದಲ್ಲಿ ಇರುವ ಕರಗಿದ ಆಮ್ಲಜನಕದ ಗರಿಷ್ಠ ಪ್ರಮಾಣ ಸಮುದ್ರಮಟ್ಟದ್ದು: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿ.ಗ್ರಾಂ., 27 ಡಿಗ್ರಿಯಲ್ಲಿ ಸುಮಾರು 8. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ 27 ಡಿಗ್ರಿಯಲ್ಲಿ ಇಲ್ಲಿ ಸಿಗುವುದು ಹೆಚ್ಚೆಂದರೆ 7.1. ಭಾರತೀಯ ಮಾನಕದ ಪ್ರಕಾರ ನಾವು ಬಾಟಲಿ ಇಡುವುದೂ 27 ಡಿಗ್ರಿಯಲ್ಲೇ, 3 ದಿನ. ಹಳೆಯ ಪುಸ್ತಕಗಳ 20 ಡಿಗ್ರಿ, 5 ದಿನದ ಫಲಿತಾಂಶಕ್ಕೆ ಇದು ಹೆಚ್ಚುಕಡಿಮೆ ಸಮ.

ಪರೀಕ್ಷೆ ಸರಿಯಾಗಿದೆ ಎನ್ನಲು ಎರಡು ಷರತ್ತು: ಲೀಟರಿಗೆ ಕನಿಷ್ಠ 2 ಮಿ.ಗ್ರಾಂ. ಆಮ್ಲಜನಕ ಖರ್ಚಾಗಿರಬೇಕು, ಕೊನೆಗೆ ಕನಿಷ್ಠ 1 ಮಿ.ಗ್ರಾಂ. ಉಳಿದಿರಬೇಕು. 250 ಬಿಒಡಿ ಇರುವ ಮನೆಬಳಕೆಯ ಕೊಳಚೆಯನ್ನು ಬಾಟಲಿಗೆ 9 ಮಿ.ಲೀ., ಅಂದರೆ ಶೇ 3ರಷ್ಟು ಹಾಕಿ, ಉಳಿದದ್ದಕ್ಕೆ ಶುದ್ಧ ನೀರು ತುಂಬಿದೆವು ಎನ್ನಿ. ಖರ್ಚು 250ರ ಶೇ 3, ಅಂದರೆ 7.5. ಕರಾವಳಿಯ ಲ್ಯಾಬಿನಲ್ಲಿ 20 ಡಿಗ್ರಿಗೆ ಇಟ್ಟರೆ 1.6 ಉಳಿಯುತ್ತದೆ, ಪರೀಕ್ಷೆ ಪಾಸು. ಇಲ್ಲಿ 27 ಡಿಗ್ರಿಯಲ್ಲಿ ಬಾಟಲಿಯ ಆಮ್ಲಜನಕ ಪೂರ್ತಿ ಬರಿದು. ಆದ್ದರಿಂದ ಇಂಥ ನೀರಿಗೆ ನಾನು 3, 4.5 ಮತ್ತು 6 ಮಿ.ಲೀ.ಯ ಮೂರು ದುರ್ಬಲೀಕರಣ ಇಡುತ್ತೇನೆ, ಪ್ರತಿಯೊಂದಕ್ಕೂ ಎರಡೆರಡು ಬಾಟಲಿ. ಜೊತೆಗೆ ಮೊದಲ ದಿನವೇ ಸಿಒಡಿ (ಬ್ಯಾಕ್ಟೀರಿಯಾ ಬದಲು ರಾಸಾಯನಿಕದಿಂದ ಆಮ್ಲಜನಕದ ಬೇಡಿಕೆ ಅಳೆಯುವ ಪರೀಕ್ಷೆ) ಮಾಡಿಕೊಳ್ಳುವುದು ಒಳ್ಳೆಯದು. 150 ಡಿಗ್ರಿಯಲ್ಲಿ 2 ಗಂಟೆ ಕಾಯಿಸಿದರೆ ಸಂಜೆಯೊಳಗೆ ಉತ್ತರ ಕೈಯಲ್ಲಿರುತ್ತದೆ. ಮನೆಬಳಕೆಯ ಕೊಳಚೆಯಲ್ಲಿ ಬಿಒಡಿ ಅದರ ಅರ್ಧ ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ. ಎಷ್ಟು ಮಿ.ಲೀ. ಹಾಕಬೇಕು ಎಂಬ ಅಂದಾಜು ಅಲ್ಲೇ ಸಿಕ್ಕಿತು.

ದುರ್ಬಲೀಕರಣದ ನೀರಿಗೆ ಪ್ರತಿ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಫಾಸ್ಫೇಟ್ ಬಫರ್, ಮೆಗ್ನೀಷಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್ ದ್ರಾವಣಗಳು ತಲಾ 1 ಮಿ.ಲೀ. ನಲ್ಲಿ ನೀರು ಬೇಡ, ಅದರಲ್ಲಿ ಉಳಿದ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಏರ್ ಪಂಪ್ ಸಾಕು, ಒಂದೆರಡು ಗಂಟೆ ಗಾಳಿ ಊದಬೇಕು. ನೀರು 27 ಡಿಗ್ರಿಗೆ ಬಂದ ಮೇಲೆಯೇ ಬಾಟಲಿ ತುಂಬಿ. ತಣ್ಣಗಿರುವಾಗ ತುಂಬಿದರೆ ಆಮೇಲೆ ಗುಳ್ಳೆ ಕೂರುತ್ತದೆ. ಬಫರ್ ಬಾಟಲಿಯ ತಳದಲ್ಲಿ ಮೋಡದಂತೆ ಕದಡಿದ್ದರೆ ಚೆಲ್ಲಿಬಿಡಿ, ಅದು ಒಳಗೇ ಬೆಳೆದ ಸೂಕ್ಷ್ಮಜೀವಿ. ಬ್ಲ್ಯಾಂಕ್ ಬಾಟಲಿಯಲ್ಲಿ (ಕೊಳಚೆ ಹಾಕದೆ ಬರೀ ಈ ನೀರು ತುಂಬಿದ್ದು) 0.2ಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಆ ಬ್ಯಾಚಿನ ಯಾವ ರೀಡಿಂಗನ್ನೂ ನಂಬಬೇಡಿ.

ಬಾಟಲಿಯಲ್ಲಿರುವ ಆಮ್ಲಜನಕವನ್ನು ಅಳೆಯುವುದು ಟೈಟ್ರೇಷನ್‌ನಿಂದ. ಅದರಲ್ಲಿ ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಆಲ್ಕಲಿ-ಅಯೋಡೈಡ್-ಅಝೈಡ್ 2 ಮಿ.ಲೀ., ಪಿಪೆಟ್‌ನ ತುದಿ ನೀರಿನೊಳಗೆ ಮುಳುಗಿರಬೇಕು. ಕಂದು ಬಣ್ಣದ ಒತ್ತರ (ಪ್ರೆಸಿಪಿಟೇಟ್) ಕೂತರೆ ಆಮ್ಲಜನಕ ಇದೆ, ಬರೀ ಬಿಳಿ ಬಂದರೆ ಇಲ್ಲ. ಆಮೇಲೆ 2 ಮಿ.ಲೀ. ಗಂಧಕಾಮ್ಲ. ಮೊದಲೆರಡು ರಾಸಾಯನಿಕ ಹಾಕುವಾಗ 4 ಮಿ.ಲೀ. ಸ್ಯಾಂಪಲ್ ಹೊರಚೆಲ್ಲಿರುತ್ತದೆ, ಆದ್ದರಿಂದ 200 ಅಲ್ಲ, 203 ಮಿ.ಲೀ. ತೆಗೆದುಕೊಂಡು 0.025 ನಾರ್ಮಲ್ ಥಯೋಸಲ್ಫೇಟ್ ಬಿಡಬೇಕು. ಆಗ ಬ್ಯೂರೆಟ್‌ನ 1 ಮಿ.ಲೀ. ಅಂದರೆ ನೇರವಾಗಿ ಲೀಟರಿಗೆ 1 ಮಿ.ಗ್ರಾಂ. ಸ್ಟಾರ್ಚನ್ನು ಬಣ್ಣ ಒಣಹುಲ್ಲಿನಂಥ ತಿಳಿ ಹಳದಿಗೆ ಇಳಿದ ಮೇಲೆ ಹಾಕಿ. ಸ್ಟಾರ್ಚಿನಿಂದ ಬಂದ ನೀಲಿ ಹೋದ ಕೂಡಲೇ ಮತ್ತೆ ಮರಳಿದರೆ ನೈಟ್ರೈಟ್ ಅಡ್ಡ ಬಂದಿದೆ, ಅಝೈಡ್ ಹಳತಾಗಿದೆ ಎಂದು ಅನುಮಾನಿಸಬೇಕು. ಥಯೋಸಲ್ಫೇಟ್ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಅದರ ನಾರ್ಮಾಲಿಟಿಯನ್ನು (ಸಾಂದ್ರತೆಯನ್ನು) ಪ್ರತಿ ಸಲ ಪರೀಕ್ಷಿಸುವುದು ಬೇಸರದ ಕೆಲಸ, ಆದರೂ ಬಿಡಬಾರದು. ಇನ್ನೊಂದು ಮಾತು: 3 ದಿನದ ಪರೀಕ್ಷೆಯನ್ನು ಗುರುವಾರ ಶುರು ಮಾಡಬೇಡಿ, ಭಾನುವಾರ ಲ್ಯಾಬ್ ಬೀಗ ಹಾಕಿರುತ್ತದೆ.

ಕೆರೆ ನೀರು ಇನ್ನೂ ಸೂಕ್ಷ್ಮ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ 2 ಗಂಟೆಗೆ ಆಮ್ಲಜನಕ ಗರಿಷ್ಠ ಪ್ರಮಾಣವನ್ನೂ ಮೀರಿರುತ್ತದೆ. ಬೆಳಗಿನ ಜಾವ ಸೊನ್ನೆಯ ಹತ್ತಿರ. ಮೀನು ಸಾಯುವುದು ಆ ಹೊತ್ತಿನಲ್ಲೇ. ಮಧ್ಯಾಹ್ನದ ಒಂದೇ ಸ್ಯಾಂಪಲ್ ನೋಡಿ ಕೆರೆ ಚೆನ್ನಾಗಿದೆ ಎಂದು ಪ್ರಾಜೆಕ್ಟ್ ವರದಿ ಬರೆದವರಿದ್ದಾರೆ. ಎರಡೂ ಹೊತ್ತು ತೆಗೆಯಬೇಕು, ದಡದಲ್ಲೇ ಮೊದಲ ಎರಡು ರಾಸಾಯನಿಕ ಹಾಕಿ ಆಮ್ಲಜನಕವನ್ನು ಕಟ್ಟಿಹಾಕಬೇಕು. ಬಿಒಡಿ ಬಾಟಲಿ ಕತ್ತಲಲ್ಲಿರುವಾಗ ಪಾಚಿಯೂ ಉಸಿರಾಡಿ ಆಮ್ಲಜನಕ ತಿನ್ನುತ್ತದೆ. ಆದ್ದರಿಂದ ಸೋಸಿದ ನೀರು, ಸೋಸದ ನೀರು ಎರಡನ್ನೂ ಇಟ್ಟು ವ್ಯತ್ಯಾಸ ನೋಡುತ್ತೇನೆ. ಈ ಅಭ್ಯಾಸಕ್ಕೆ ಜಕ್ಕೂರು ಕೆರೆ ಒಳ್ಳೆಯ ಜಾಗ: ಎಸ್‌ಟಿಪಿಯಿಂದ ಬಂದ ನೀರು ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ, ದಾರಿಯುದ್ದಕ್ಕೂ ಬದಲಾವಣೆ ಅಳೆಯಬಹುದು. ವೃಷಭಾವತಿ ನದಿಯಂಥ ಕಡೆ ಕೈಗಾರಿಕೆಯ ನೀರೂ ಬೆರೆತಿರುತ್ತದೆ. ಅಲ್ಲಿ ಸ್ಯಾಂಪಲ್ ಪ್ರಮಾಣ ಕಡಿಮೆ ಮಾಡಿದಷ್ಟೂ ಲೆಕ್ಕದ ಬಿಒಡಿ ಏರುತ್ತಾ ಹೋದರೆ ನೀರಿನಲ್ಲಿ ಬ್ಯಾಕ್ಟೀರಿಯಾಕ್ಕೆ ವಿಷವಾಗುವ ವಸ್ತು ಇದೆ ಎಂದರ್ಥ. ಸರಾಸರಿ ತೆಗೆದು ಈ ಸುಳಿವನ್ನು ಅಳಿಸಬೇಡಿ.

ಈ ಅಂಕಿಗಳು ವಿನ್ಯಾಸದ ಪೇಪರ್‌ನಲ್ಲಿ ಎಲ್ಲಿ ಕೂರುತ್ತವೆ? 1,000 ಜನರಿರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆ: ಒಟ್ಟು 108 ಘನ ಮೀಟರ್. ಬಿಒಡಿ 250 ಆದರೆ ದಿನದ ಹೊರೆ 27 ಕಿ.ಗ್ರಾಂ. ಎಕ್ಸ್‌ಟೆಂಡೆಡ್ ಏರೇಷನ್‌ಗೆ (ಹೆಚ್ಚು ಹೊತ್ತು ಗಾಳಿ ಊದಿ ಶುದ್ಧೀಕರಿಸುವ ವಿಧಾನ) ಎಂಎಲ್‌ಎಸ್‌ಎಸ್, ಅಂದರೆ ಟ್ಯಾಂಕಿನ ನೀರಿನಲ್ಲಿ ತೇಲುವ ಘನವಸ್ತು, ಲೀಟರಿಗೆ 4,000 ಮಿ.ಗ್ರಾಂ., ಎಫ್‌-ಎಂ ಅನುಪಾತ (ದಿನದ ಬಿಒಡಿ ಹೊರೆಗೂ ಆ ಘನವಸ್ತುವಿನ ಒಟ್ಟು ತೂಕಕ್ಕೂ ಇರುವ ಅನುಪಾತ) 0.1 ಇಟ್ಟರೆ ಟ್ಯಾಂಕ್ 67.5 ಘನ ಮೀಟರ್, ನೀರು ಅದರಲ್ಲಿ ನಿಲ್ಲುವುದು 15 ಗಂಟೆ. ಈಗ ಲ್ಯಾಬಿನಲ್ಲಿ 18 ಮಿ.ಲೀ. ಹಾಕಿ ಬಾಟಲಿ ಬರಿದಾಗಿದ್ದನ್ನು ಗಮನಿಸಲಿಲ್ಲ ಎನ್ನಿ. ಖರ್ಚಾದ 7.1ನ್ನು 0.06ರಿಂದ ಭಾಗಿಸಿದರೆ 118 ಬರುತ್ತದೆ, ನೋಡಲು ನಂಬುವಂಥ ಸಂಖ್ಯೆ. ಅದನ್ನಿಟ್ಟು ಕಟ್ಟಿದರೆ ಟ್ಯಾಂಕ್ 32 ಘನ ಮೀಟರ್‌ಗೆ ಕುಗ್ಗುತ್ತದೆ, ನಿಲ್ಲುವ ಸಮಯ 7 ಗಂಟೆ. ಗಾಳಿ ಊದುವ ಬ್ಲೋವರ್ ಕೂಡ ಅದೇ ಲೆಕ್ಕದಲ್ಲಿ ಸಣ್ಣದಾಗುತ್ತದೆ. ಅರೆಬರೆ ಶುದ್ಧವಾದ ಆ ನೀರು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಹಾಗಾಗಿ ರೆಕಾರ್ಡ್ ಬುಕ್‌ನಲ್ಲಿ ಉತ್ತರದ ಪಕ್ಕದಲ್ಲೇ ಕೊನೆಯ ದಿನ ಉಳಿದ ಆಮ್ಲಜನಕವನ್ನೂ ಬರೆಯುತ್ತೇನೆ. ಅಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಆ ಬಾಟಲಿಯ ಉತ್ತರಕ್ಕೆ ಗೀಟು ಎಳೆದು, ಹೊಸ ಸ್ಯಾಂಪಲ್ ತರಲು ಹೊರಡಬೇಕು.