ಸ್ಕೈವರ್ಡ್ ಸ್ವೋರ್ಡ್ ಆಡಲು ಕೈಯನ್ನು ಪಳಗಿಸಿಕೊಳ್ಳುವ ಬಗೆ: ಮೊದಲ ಟೆಂಪಲ್‌ವರೆಗಿನ ಮಾರ್ಗದರ್ಶಿ

ನಿಂಟೆಂಡೋದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಸ್ಕೈವರ್ಡ್ ಸ್ವೋರ್ಡ್’ 2011ರ ನವೆಂಬರಿನಲ್ಲಿ ವೀ ಕನ್ಸೋಲಿಗೆ ಬಂದ ಆಟ, ಅದರ ಎಚ್‌ಡಿ ಆವೃತ್ತಿ 2021ರ ಜುಲೈ 16ರಂದು ಸ್ವಿಚ್ ಕನ್ಸೋಲಿಗೆ ಬಂದಿತು. ಆಟಗಾರನ ಬಲಗೈಯೇ ನಾಯಕ ಲಿಂಕ್‌ನ ಖಡ್ಗ, ಎಡಗೈಯೇ ಅವನ ಗುರಾಣಿ. ಸ್ವಿಚ್ ಆವೃತ್ತಿಯಲ್ಲಿ ಮೊದಲ ಟೆಂಪಲ್ (ಒಗಟು, ಶತ್ರುಗಳಿಂದ ತುಂಬಿದ ಹಂತ) ಮುಗಿಸುವಷ್ಟರಲ್ಲಿ ನನಗೆ ಸ್ಪಷ್ಟವಾದದ್ದು ಒಂದೇ: ಇಲ್ಲಿ ಸೋಲುವವರು ಹೆಚ್ಚಾಗಿ ಕೈ ನಿಧಾನವಾದ್ದರಿಂದಲ್ಲ, ಕೈ ಅವಸರಪಟ್ಟದ್ದರಿಂದ ಸೋಲುತ್ತಾರೆ.

ಆಡುವ ಜಾಗವನ್ನು ಮೊದಲು ಸಿದ್ಧಪಡಿಸಿಕೊಳ್ಳಿ. ಸ್ವಿಚ್‌ನ ಬಿಡಿ ಕಂಟ್ರೋಲರ್‌ಗಳಾದ ಎರಡೂ ಜಾಯ್-ಕಾನ್‌ಗಳಿಗೆ ಪಟ್ಟಿ ಸಿಕ್ಕಿಸಿ ಮಣಿಕಟ್ಟಿಗೆ ಬಿಗಿದುಕೊಳ್ಳಿ. ಖಡ್ಗವನ್ನು ನೇರವಾಗಿ ಆಕಾಶಕ್ಕೆ ಎತ್ತಿ ಹಿಡಿಯಬೇಕಾದ ಸಂದರ್ಭಗಳು ಈ ಆಟದಲ್ಲಿ ಪದೇ ಪದೇ ಬರುವುದರಿಂದ, ನಮ್ಮ ಮನೆಗಳ ಸೀಲಿಂಗ್ ಫ್ಯಾನಿನ ಕೆಳಗೆ ನಿಂತು ಆಡುವುದು ಬೇಡ. ಕುಳಿತು ಆಡಿದರೂ ಏನೂ ಕಡಿಮೆಯಾಗುವುದಿಲ್ಲ. ಸ್ವಿಚ್ ಲೈಟ್ ಇರುವವರಿಗೆ ಜಾಯ್-ಕಾನ್ ಬಿಡಿಸಲು ಬರುವುದಿಲ್ಲವಾದ್ದರಿಂದ, ಅವರು ಬೇರೆ ಜೋಡಿಯನ್ನು ಸೇರಿಸಿಕೊಳ್ಳಬೇಕು ಇಲ್ಲವೇ ಬಟನ್ ವಿಧಾನದಲ್ಲಿ ಆಡಬೇಕು. ಬಟನ್ ವಿಧಾನದಲ್ಲಿ ಬಲಗಡೆಯ ಸ್ಟಿಕ್ಕನ್ನು ಯಾವ ದಿಕ್ಕಿಗೆ ತಳ್ಳಿದರೆ ಆ ದಿಕ್ಕಿಗೆ ಖಡ್ಗ ಬೀಸುತ್ತದೆ. ಅದು ಕೆಲಸಕ್ಕೆ ಬರುವ ಏರ್ಪಾಡೇ ಆದರೂ, ಆಟದ ಸ್ವಾರಸ್ಯದ ಅರ್ಧ ಭಾಗ ಅಲ್ಲಿ ಸಿಗುವುದಿಲ್ಲವೆಂದು ನನ್ನ ಅನಿಸಿಕೆ.

ಯಂತ್ರದ ಒಳಗುಟ್ಟನ್ನು ಸ್ವಲ್ಪ ತಿಳಿದುಕೊಂಡರೆ ಅರ್ಧ ತೊಂದರೆ ತಾನಾಗಿ ಕರಗುತ್ತದೆ. ಕಂಟ್ರೋಲರ್ ನಿಮ್ಮ ಕೈ ಕೋಣೆಯ ಯಾವ ಮೂಲೆಯಲ್ಲಿದೆ ಎಂಬುದನ್ನು ನೋಡುವುದಿಲ್ಲ. ಅದರೊಳಗಿನ ಗೈರೋಸ್ಕೋಪ್ ಅದು ಎಷ್ಟು ವೇಗದಲ್ಲಿ, ಯಾವ ಕಡೆಗೆ ತಿರುಗಿತು ಎಂಬುದನ್ನಷ್ಟೇ ಅಳೆಯುತ್ತದೆ. ಆ ಅಳತೆಗಳನ್ನು ಒಂದರ ಮೇಲೊಂದು ಕೂಡಿಸುತ್ತ ಆಟವು ಖಡ್ಗದ ಕೋನವನ್ನು ಲೆಕ್ಕ ಹಾಕುವುದರಿಂದ, ಸಣ್ಣ ಸಣ್ಣ ತಪ್ಪುಗಳೂ ಜೊತೆಗೇ ಕೂಡುತ್ತ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಗುರಿಯ ಗುರುತು ಪರದೆಯ ಒಂದು ಬದಿಗೆ ಸರಿದುಬಿಡುತ್ತದೆ. ಇದು ಕಂಟ್ರೋಲರ್ ಕೆಟ್ಟ ಲಕ್ಷಣವಲ್ಲ. ಬಲಗೈಯನ್ನು ಟಿವಿಯ ನಡುಭಾಗಕ್ಕೆ ನೇರವಾಗಿ ಹಿಡಿದು ವೈ ಬಟನ್ ಒತ್ತಿದರೆ ಗುರಿ ಮತ್ತೆ ನಡುವಿಗೆ ಬರುತ್ತದೆ. ಕವಣೆಯಿಂದ ಗುರಿಯಿಡುವ ಮುನ್ನ ಒಮ್ಮೆ, ಕಾದಾಟಕ್ಕೆ ಇಳಿಯುವ ಮುನ್ನ ಒಮ್ಮೆ ಹೀಗೆ ಮಾಡುವುದನ್ನು ಕಣ್ಣು ಮಿಟುಕಿಸುವಷ್ಟೇ ಸಹಜವಾದ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಬೀಸುವ ಕ್ರಮ. ಕ್ರಿಕೆಟ್ ಆಡಿ ಬೆಳೆದ ನಮಗೆ ಹೊಡೆಯುವ ಮುನ್ನ ಬ್ಯಾಟನ್ನು ಹಿಂದಕ್ಕೆ ಎತ್ತಿಕೊಳ್ಳುವುದು ರಕ್ತಗತವಾಗಿರುತ್ತದೆ, ಇಲ್ಲಿ ಮುಳುವಾಗುವುದೂ ಅದೇ. ಎಡದಿಂದ ಬಲಕ್ಕೆ ಬೀಸಬೇಕೆಂದು ಕೈಯನ್ನು ರಭಸದಿಂದ ಎಡಕ್ಕೆ ಎಳೆದುಕೊಂಡರೆ, ಆ ಎಳೆತವನ್ನೇ ಆಟವು ಹೊಡೆತವೆಂದು ತಿಳಿದು ಖಡ್ಗವನ್ನು ತದ್ವಿರುದ್ಧ ದಿಕ್ಕಿಗೆ ಬೀಸಿಬಿಡುತ್ತದೆ. ಆದ್ದರಿಂದ ಕೈಯನ್ನು ಎಡಕ್ಕೆ ನಿಧಾನವಾಗಿ ಒಯ್ಯಿರಿ, ಒಂದು ಕ್ಷಣ ನಿಲ್ಲಿಸಿ, ಬಳಿಕ ಮಣಿಕಟ್ಟಿನಿಂದಷ್ಟೇ ಚುರುಕಾಗಿ ಬೀಸಿರಿ. ಭುಜದಿಂದ ಬೀಸಿದರೆ ಹೊಡೆತಕ್ಕೆ ಹೆಚ್ಚಿನ ಬಲವೇನೂ ಬರುವುದಿಲ್ಲ, ತೋಳು ಮಾತ್ರ ನೋಯುತ್ತದೆ. ಇರಿಯುವಾಗ ಕೈಯನ್ನು ಸರಳರೇಖೆಯಲ್ಲಿ ಮುಂದಕ್ಕೆ ತಳ್ಳಬೇಕು. ತುದಿ ಸ್ವಲ್ಪ ಮೇಲೆದ್ದರೂ ಅದು ಬೀಸಾಗಿ ಹೋಗುತ್ತದೆ. ನನಗೆ ಎಲ್ಲಕ್ಕಿಂತ ತಡವಾಗಿ ಒಲಿದದ್ದು ಈ ಇರಿತವೇ.

ಇದನ್ನು ಕಲಿಯಲು, ಆಕಾಶದಲ್ಲಿ ತೇಲುವ ಲಿಂಕ್‌ನ ಊರು ಸ್ಕೈಲಾಫ್ಟ್‌ನ ನೈಟ್ ಅಕಾಡೆಮಿಯ ಗರಡಿಯಲ್ಲಿ ಮರದ ದಿಮ್ಮಿಗಳಿವೆ. ಕಥೆ ಮುಂದೆ ಸಾಗಲೆಂದು ಅಲ್ಲಿಂದ ಓಡಬೇಡಿ. ಅಡ್ಡ, ಉದ್ದ, ಓರೆ, ಇರಿತ, ಹೀಗೆ ಪ್ರತಿಯೊಂದೂ ಹತ್ತಕ್ಕೆ ಒಂಬತ್ತು ಸಲ ಅಂದುಕೊಂಡಂತೆ ಬೀಳುವವರೆಗೆ ಹೊಡೆಯಿರಿ. ಆಟದ ಆರಂಭ ಎಳೆದಾಡುತ್ತದೆ ಎಂಬ ದೂರಿನಲ್ಲಿ ಹುರುಳಿದೆ: ಲಿಂಕ್ ಸವಾರಿ ಮಾಡುವ, ಕಳೆದುಹೋದ ಹಕ್ಕಿಯನ್ನು ಹುಡುಕಬೇಕು, ಊರಿನವರೊಡನೆ ಮಾತಾಡಬೇಕು, ವಿಂಗ್ ಸೆರೆಮನಿ ಎಂಬ ಉತ್ಸವದ ಹಾರಾಟದ ಪಂದ್ಯ ಮುಗಿಸಬೇಕು. ಆದರೆ ಹಕ್ಕಿಯನ್ನು ಹುಡುಕುತ್ತ ಹೊಕ್ಕುವ ಜಲಪಾತದ ಗುಹೆಯ ಬಾವಲಿಗಳೂ, ಮಣಿಕಟ್ಟನ್ನು ಓರೆಯಾಗಿಸಿ ಹಕ್ಕಿಯನ್ನು ತಿರುಗಿಸುವ ಆ ಪಂದ್ಯವೂ ಕೈಗೆ ಪಾಠವೇ ಆಗಿವೆಯೆಂದುಕೊಂಡರೆ ಬೇಸರ ಕಡಿಮೆಯಾಗುತ್ತದೆ.

ಕೆಳಗಿನ ನೆಲದ ಫೆರಾನ್ ಕಾಡಿಗೆ ಇಳಿದ ಮೇಲೆ ಪ್ರತಿಯೊಬ್ಬ ಶತ್ರುವೂ ಒಂದು ಪ್ರಶ್ನೆಯಂತೆ ನಿಲ್ಲುತ್ತಾನೆ, ಖಡ್ಗದ ದಿಕ್ಕೇ ಉತ್ತರ. ಡೆಕು ಬಾಬಾ ಎಂಬ ಗಿಡದ ಬಾಯಿ ಅಡ್ಡಲಾಗಿ ತೆರೆದರೆ ಅಡ್ಡ ಹೊಡೆತ, ಉದ್ದಕ್ಕೆ ಸೀಳಿದರೆ ಮೇಲಿನಿಂದ ಕೆಳಕ್ಕೆ. ಬೊಕೊಬ್ಲಿನ್ ಎಂಬ ರಾಕ್ಷಸ ತನ್ನ ಆಯುಧವನ್ನು ಹಿಡಿದ ಬದಿಯನ್ನು ಬಿಟ್ಟು ತೆರೆದ ಬದಿಗೆ ಬೀಸಬೇಕು. ಮೊದಲ ಟೆಂಪಲ್ಲಾದ ಸ್ಕೈವ್ಯೂನ ಮೂರು ತಲೆಯ ಸ್ಟಾಲ್‌ಡ್ರಾ ಇನ್ನೂ ಚತುರ: ಮೂರು ತಲೆಗಳು ಒಂದೇ ಸಾಲಿಗೆ ಬರುವವರೆಗೆ ಕಾದು ಆ ಸಾಲಿನಲ್ಲೇ ಒಂದೇ ಏಟಿಗೆ ಕತ್ತರಿಸದಿದ್ದರೆ ತಲೆಗಳು ಮತ್ತೆ ಹುಟ್ಟಿಕೊಳ್ಳುತ್ತವೆ. ಬಾಗಿಲ ಮೇಲಿನ ದೊಡ್ಡ ಕಣ್ಣು ಖಡ್ಗದ ತುದಿಯನ್ನೇ ಹಿಂಬಾಲಿಸುವುದರಿಂದ, ಅದರ ಮುಂದೆ ನಿಂತು ತುದಿಯನ್ನು ವೃತ್ತಾಕಾರವಾಗಿ ತಿರುಗಿಸುತ್ತಿದ್ದರೆ ಅದಕ್ಕೆ ತಲೆ ಸುತ್ತಿ ದಾರಿ ತೆರೆಯುತ್ತದೆ. ನನಗೆ ನಗು ತರಿಸಿದ ಒಗಟು ಅದು.

ಗುರಾಣಿಯ ವಿಷಯದಲ್ಲಿ ಜಿಪುಣತನ ಒಳ್ಳೆಯದು. ಎಡಗೈಯನ್ನು ಮುಂದಕ್ಕೆ ತಳ್ಳಿದರೆ ಗುರಾಣಿ ಎದ್ದು ನಿಲ್ಲುತ್ತದೆ. ಆದರೆ ಅದನ್ನು ಎತ್ತಿಯೇ ಹಿಡಿದು ಏಟು ತಿನ್ನುತ್ತಿದ್ದರೆ ಮರದ ಗುರಾಣಿ ಸವೆದು ಒಡೆದುಹೋಗುತ್ತದೆ. ಏಟು ಬೀಳುವ ಕ್ಷಣದಲ್ಲೇ ಎಡಗೈಯನ್ನು ತಳ್ಳಿದರೆ ಗುರಾಣಿಗೂ ಧಕ್ಕೆಯಿಲ್ಲ, ಶತ್ರುವೂ ತತ್ತರಿಸುತ್ತಾನೆ.

ಟೆಂಪಲ್ಲಿನ ಕೊನೆಯಲ್ಲಿ ಎದುರಾಗುವ ಖಳ ಗಿರಹಿಮ್, ಅವಸರದ ಕೈಯನ್ನು ಶಿಕ್ಷಿಸಲೆಂದೇ ನಿಂತವನಂತಿದ್ದಾನೆ. ಬರಿಗೈಯಲ್ಲಿ ನಡೆದು ಬರುವ ಅವನು ನಿಮ್ಮ ಖಡ್ಗ ಯಾವ ಬದಿಯಲ್ಲಿದೆಯೋ ಆ ಬದಿಗೆ ತನ್ನ ಕೈಯನ್ನು ಒಯ್ದು, ನೀವು ಬೀಸಿದಾಗ ಬೆರಳುಗಳ ನಡುವೆ ಅಲಗನ್ನು ಹಿಡಿದುಬಿಡುತ್ತಾನೆ. ಖಡ್ಗವನ್ನು ಒಂದು ಬದಿಯಲ್ಲಿ ಸ್ಥಿರವಾಗಿ ಹಿಡಿದು, ಅವನ ಕೈ ಅಲ್ಲಿಗೆ ಬರಲು ಬಿಡಿ. ಆಮೇಲೆ ಬೀಸಿನ ವೇಗ ಮುಟ್ಟದಂತೆ ಮಣಿಕಟ್ಟನ್ನು ಇನ್ನೊಂದು ಬದಿಗೆ ಸರಿಸಿ, ಅವನ ಕೈ ಹಿಂಬಾಲಿಸುವುದರೊಳಗೆ ಅಲ್ಲಿಂದ ಹೊಡೆಯಿರಿ. ಮುಂದೆ ಅವನು ಸಾಲಾಗಿ ತೇಲಿಸಿ ಎಸೆಯುವ ಕಠಾರಿಗಳನ್ನು, ಅವು ನಿಂತ ಸಾಲಿನ ದಿಕ್ಕಿನಲ್ಲೇ ಖಡ್ಗ ಬೀಸಿ ಅವನತ್ತಲೇ ಹಿಂದಿರುಗಿಸಬಹುದು. ಅವನು ಮಾಯವಾಗಿ ಬೇರೆ ಕಡೆ ಕಾಣಿಸಿಕೊಳ್ಳುವ ಆ ಬಿಡುವಿನಲ್ಲಿ ವೈ ಬಟನ್ ಒತ್ತಲು ಮರೆಯಬೇಡಿ.