ಪ್ಲೂಟೊನ ಕೈ ಮಣ್ಣಿನಲ್ಲಿ ಮಾಡಿ ನೋಡಿದಾಗ

ಹದಿನೇಳನೇ ಶತಮಾನದ ಯುರೋಪಿನ ಬರೋಕ್ ಶೈಲಿಯ ಶಿಲ್ಪ ಅಂದರೆ ಅತಿಯಾದ ಅಲಂಕಾರ, ಹಾರಾಡುವ ಬಟ್ಟೆ, ಜಾಸ್ತಿ ನಾಟಕ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಣ್ಣು ಹಿಡಿದು ಕೂತ ನನಗೆ ಅನಿಸಿದ್ದು ಬೇರೆ. ಇದು ನೆರಳಿನ ಕೆಲಸ. ಎಲ್ಲಿ ಎಷ್ಟು ಆಳ ತೋಡಬೇಕು ಅನ್ನುವುದರಲ್ಲೇ ಎಲ್ಲ ಇದೆ.

ರೋಮ್‌ನ ಬೊರ್ಗೀಸೆ ಗ್ಯಾಲರಿಯಲ್ಲಿ ಆ ಕಾಲದ ಇಟಲಿಯ ಶಿಲ್ಪಿ ಬರ್ನಿನಿ ಕಡೆದ ‘ಪ್ಲೂಟೊ ಮತ್ತು ಪ್ರೊಸೆರ್ಪಿನಾ’ ಇದೆ. 1621-22ರ ಕೆಲಸ. ಪಾತಾಳದ ದೊರೆ ಹುಡುಗಿಯನ್ನು ಹೊತ್ತೊಯ್ಯುತ್ತಿದ್ದಾನೆ, ಅವನ ಬೆರಳುಗಳು ಅವಳ ತೊಡೆಯಲ್ಲಿ ಹೂತುಹೋಗಿವೆ. ಆ ಕೈ, ಆ ತೊಡೆ, ಅಷ್ಟನ್ನೇ ಮಾಡೋಣ ಅಂತ ಹೊರಟೆ. ಬೇರೆ ಬೇರೆ ಕೋನದ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಒಳಗೆ ತಂತಿ ಕಟ್ಟಿ ಜೇಡಿಮಣ್ಣು ಮೆತ್ತಿದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಪಕ್ಕದಿಂದ ಒಂದೇ ದೀಪ ಇಟ್ಟೆ.

ಹಸಿ ಮಣ್ಣಿಗೆ ಬೆರಳು ಒತ್ತಿದರೆ ಗುಂಡಿ ಬೀಳುತ್ತದೆ, ಅಷ್ಟೇ. ಮಾಂಸದ ಹಾಗೆ ಕಾಣುವುದಿಲ್ಲ. ನನ್ನದೇ ತೋಳನ್ನು ಗಟ್ಟಿಯಾಗಿ ಹಿಡಿದು ದೀಪದ ಕೆಳಗೆ ನೋಡಿದೆ. ಬೆರಳು ಒತ್ತಿದ ಜಾಗ ತಗ್ಗುತ್ತದೆ, ಸರಿ. ಆದರೆ ಎರಡು ಬೆರಳಿನ ನಡುವೆ ಚರ್ಮ ಉಬ್ಬಿ ಮೇಲೆ ಬರುತ್ತದೆ. ತಗ್ಗಿನ ಅಂಚು ಚೂಪಾಗಿರುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಬರ್ನಿನಿಯ ತೊಡೆ ಮೆತ್ತಗೆ ಕಾಣುವುದು ಆ ಉಬ್ಬಿನಿಂದ. ಅದಕ್ಕೇ ಮೊದಲು ಬೆರಳುಗಳನ್ನು ಮಾಡಿ ಕೂರಿಸಿ, ಆಮೇಲೆ ಅವುಗಳ ನಡುವೆ ಚೂರು ಚೂರೇ ಮಣ್ಣು ಸೇರಿಸುತ್ತಾ ಹೋದೆ. ಬೆರಳಿನ ಗೆಣ್ಣುಗಳನ್ನು ಮಾತ್ರ ಗಟ್ಟಿಯಾಗಿ, ಮೂಳೆ ಎದ್ದು ಕಾಣುವಂತೆ ಬಿಟ್ಟೆ. ಪಕ್ಕದಲ್ಲಿ ಗಟ್ಟಿ ಇದ್ದರೆ ತಾನೇ ಮೆತ್ತಗಿನದು ಮೆತ್ತಗೆ ಕಾಣುವುದು, ಅಲ್ವಾ?

ಮಣ್ಣಿನಲ್ಲಿ ಇದೆಲ್ಲ ಸಲೀಸು, ತಪ್ಪಿದರೆ ಮತ್ತೆ ಮೆತ್ತಬಹುದು. ಅಮೃತಶಿಲೆಯಲ್ಲಿ ಚಾಚಿದ ಕೈ, ಎತ್ತಿದ ಕಾಲು ಅಂದರೆ ಮುರಿಯುವ ಭಯ. ಹಾಗಾಗಿ ಆಧಾರ ಎಲ್ಲಿದೆ ಅಂತ ಹುಡುಕುವುದು ಈಗ ನನಗೊಂದು ಚಟ. ಪ್ಲೂಟೊನ ಹಿಂದೆ ಮೂರು ತಲೆಯ ನಾಯಿ ಸೆರ್ಬೆರಸ್ ಕೂತಿದೆ. ಕಥೆಗೂ ಬೇಕು, ಭಾರ ಹೊರಲೂ ಬೇಕು. ಬರ್ನಿನಿಯದೇ ಇನ್ನೊಂದು ಶಿಲ್ಪ, ಕವಣೆ ಬೀಸುತ್ತಿರುವ ‘ಡೇವಿಡ್’ನ ಕಾಲ ಬಳಿ ಕಳಚಿಟ್ಟ ಕವಚ ಇದೆ. ‘ಅಪೊಲೊ ಮತ್ತು ಡ್ಯಾಫ್ನಿ’ಯಲ್ಲಿ ಹುಡುಗಿ ಮರವಾಗುತ್ತಿದ್ದಾಳೆ, ಅವಳನ್ನು ಸುತ್ತುವ ತೊಗಟೆಯೇ ಆಸರೆ. ಅದರಲ್ಲಿರುವ ತೆಳ್ಳಗಿನ ಎಲೆಗಳ ನಾಜೂಕು ಕೆಲಸದಲ್ಲಿ ಬರ್ನಿನಿಯ ಸಹಾಯಕ ಜೂಲಿಯಾನೊ ಫಿನೆಲ್ಲಿಯ ಕೈ ದೊಡ್ಡದು. ಹೊಗಳಿಕೆ ಪೂರ್ತಿ ಬರ್ನಿನಿಗೇ ಹೋಗುವುದು ನನಗೇನೋ ಸರಿ ಕಾಣುವುದಿಲ್ಲ.

ಬಟ್ಟೆಯ ಮಡಿಕೆಗಳ ಬಗ್ಗೆ ಒಂದೇ ಮಾತು: ಬರ್ನಿನಿ ಕಡೆದ ಸಂತ ತೆರೇಸಾಳ ಶಿಲ್ಪದಲ್ಲಿ ನಿಲುವಂಗಿಯ ಮಡಿಕೆಗಳು ಮೈಯನ್ನು ಅನುಸರಿಸುವುದೇ ಇಲ್ಲ, ಅವಳ ಮನಸ್ಸಿನ ಕಳವಳದಂತೆ ಹೊರಳಾಡುತ್ತವೆ. ಆ ಶಿಲ್ಪದ ಮೇಲೆ ಬೆಳಕು ಬೀಳಲಿ ಅಂತ ಬರ್ನಿನಿ ಮೇಲ್ಗಡೆ ಕಣ್ಣಿಗೆ ಬೀಳದ ಹಾಗೆ ಕಿಟಕಿಯನ್ನೂ ಇಟ್ಟ. ನಾನು ದೀಪ ಇಟ್ಟದ್ದು ಏನೂ ಹೊಸದಲ್ಲ ಬಿಡಿ.

ಕೊನೆಗೆ ಅಚ್ಚು ತೆಗೆದು ಬಿಳಿ ಪ್ಲಾಸ್ಟರ್ ಸುರಿದೆ. ಕಂದು ಮಣ್ಣಿನಲ್ಲಿ ಆಳವಾಗಿ ಕಾಣುತ್ತಿದ್ದ ನೆರಳು ಬಿಳಿಯಲ್ಲಿ ಪೇಲವ ಆಗುತ್ತದೆ. 1665ರಲ್ಲಿ ಪ್ಯಾರಿಸ್‌ಗೆ ಹೋಗಿದ್ದಾಗ (ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಮುಖ ಕಡೆದದ್ದೂ ಆಗಲೇ) ಬರ್ನಿನಿ ಇದೇ ಕಷ್ಟದ ಬಗ್ಗೆ ಮಾತಾಡಿದ್ದ. ಕಣ್ಣಿನ ಸುತ್ತ ಕೆಲವರಿಗೆ ಇರುವ ನೀಲಿ ಛಾಯೆಯನ್ನು ಬಿಳಿ ಕಲ್ಲಿನಲ್ಲಿ ತೋರಿಸಬೇಕಾದರೆ ಆ ಜಾಗವನ್ನು ತೋಡಲೇಬೇಕು, ನಿಜದ ಮುಖದಲ್ಲಿ ಅಲ್ಲಿ ಗುಳಿ ಇರದಿದ್ದರೂ ಸರಿ ಎಂಬುದು ಅವನ ವಾದ. ನಾನೂ ಸಣ್ಣ ಉಳಿ ತಗೊಂಡು ಬೆರಳಿನ ಸಂದುಗಳನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಕೆರೆದೆ. ಹತ್ತಿರದಿಂದ ನೋಡಿದರೆ ಅತಿ ಅನಿಸುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸರಿಯಾಗಿದೆ.